ಪದವಿಯಿಲ್ಲದ ಪಂಡಿತ

ಯೇಸುಸ್ವಾಮಿಯ ಅಂತಿಮ ದಿನವನ್ನು 'ಗೊಲ್ಗೊಥಾ' ಖಂಡಕಾವ್ಯವಾಗಿ ಕನ್ನಡಿಗರಿಗಿತ್ತ ಗೋವಿಂದ ಪೈಯವರು ಪದವೀಧರರಾಗಿರಲಿಲ್ಲ. 1883ರಲ್ಲಿ ಮಂಜೇಶ್ವರದಲ್ಲಿ ಜನಿಸಿದ ಅವರು ಮಂಗಳೂರಿನ ಮಿಷನ್ ಶಾಲೆಯಲ್ಲೂ, ಊರಿನ ಹಿರಿಯರು ಸ್ಥಾಪಿಸಿದ ಕೆನರಾ ಹೈಸ್ಕೂಲಿನಲ್ಲೂ ಕಲಿತರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು. ಮನೆಯ ಹೊಣೆ ಹೆಗಲೇರಿತು, ಪದವಿ ಕೈತಪ್ಪಿತು. ಆದರೆ ಓದು ನಿಲ್ಲಲಿಲ್ಲ. ಮನೆಯಲ್ಲೇ ಗ್ರಂಥಭಂಡಾರ ಕಟ್ಟಿ, 20ಕ್ಕೂ ಹೆಚ್ಚು ಭಾಷೆಗಳನ್ನು ಅಭ್ಯಸಿಸಿ, ಇತಿಹಾಸ ಸಂಶೋಧಕರೆಂದೂ ಹೆಸರಾದರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1963ರಲ್ಲಿ ಅವರು ನಿಧನರಾದರು.

ಕಾನ್ವೆಂಟಿನಲ್ಲಿ ಕಲಿತವರ ಮುಂದೆ, ಸೊನ್ನದಂತಹ ಹಳ್ಳಿಯ ಸರಕಾರಿ ಶಾಲೆಯಿಂದ ಬಂದ ಮಕ್ಕಳು ಹಿಂಜರಿಯುವುದುಂಟು. ಶಾಲೆ ಯಾವುದೇ ಇರಲಿ, ತಾನು ಕಲಿಯಬಲ್ಲೆನೆಂಬ ಭರವಸೆಯನ್ನು ಮಗುವಿನಲ್ಲಿ ತುಂಬುವ ಹೊಣೆ ಹೆತ್ತವರಾದ ನಮ್ಮದು.