ಹಲ್ಲಿನ ಕುಳಿಗೆ ಗಟ್ಟಿ ಲೋಹ: ಜಿ. ವಿ. ಬ್ಲ್ಯಾಕ್

ಮಕ್ಕಳೇ, ಹುಳುಕು ಹಲ್ಲಿಗೆ ವೈದ್ಯರು ಸಿಮೆಂಟ್ ತುಂಬುವ ವಿಷಯ ನಿಮಗೆ ಗೊತ್ತಿರಬಹುದು. ನಿಮ್ಮ ಅಜ್ಜನ ದವಡೆ ಹಲ್ಲಿನಲ್ಲಿ ಬೂದು ಬಣ್ಣದ ಲೋಹವೊಂದು ಕಂಡರೂ ಕಾಣಬಹುದು. ಅದೇ ಅಮಾಲ್ಗಮ್. ಬೆಳ್ಳಿ, ತವರಗಳ ಪುಡಿಯನ್ನು ಪಾದರಸದಲ್ಲಿ ಕಲಸಿದರೆ ಮೊದಲು ಕಣಕದಂತೆ ಮೆದುವಾಗಿದ್ದು, ಆಮೇಲೆ ಗಟ್ಟಿಯಾಗುತ್ತದೆ. ಇದನ್ನು ನಂಬುವಂತೆ ಮಾಡಿದವರು ಅಮೆರಿಕದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್.

ಅವರು 1836ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ಬಹಳ ಕಡಿಮೆ. ಅಣ್ಣ ವೈದ್ಯರಾಗಿದ್ದರು, ಅವರಿಂದ ವೈದ್ಯಕೀಯ ಕಲಿತರು. ನಂತರ ಒಬ್ಬ ದಂತವೈದ್ಯರ ಬಳಿ ಕೆಲವು ತಿಂಗಳು ಕೆಲಸ ಕಲಿತರು. ಅಂತರ್ಯುದ್ಧದಲ್ಲಿ ಸೈನಿಕರಾಗಿದ್ದು, ಬಳಿಕ ಜಾಕ್ಸನ್‌ವಿಲ್ ಊರಿನಲ್ಲಿ ವೃತ್ತಿ ನಡೆಸಿದರು.

ಆ ಕಾಲದಲ್ಲಿ ಒಳ್ಳೆಯ ತುಂಬುವಸ್ತು ಎಂದರೆ ಚಿನ್ನ. ಬಡವರಿಗೆ ಅದೆಲ್ಲಿ ಸಿಗಬೇಕು? ಅಗ್ಗದ ಅಮಾಲ್ಗಮ್ ಇತ್ತು ನಿಜ, ಆದರೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕಲಸುತ್ತಿದ್ದರು. ಅದು ಕುಗ್ಗಿದರೆ ಅಂಚಿನ ಸಂದಿಯಲ್ಲಿ ಮತ್ತೆ ಹುಳುಕು. ಹಿಗ್ಗಿದರೆ ಹಲ್ಲೇ ಬಿರುಕು! 1840ರ ದಶಕದಲ್ಲಿ ಅಲ್ಲಿನ ದಂತವೈದ್ಯರ ಸಂಘವೊಂದು ಅದನ್ನು ಬಳಸುವುದಿಲ್ಲವೆಂದು ಸದಸ್ಯರಿಂದ ಬರೆಸಿಕೊಂಡಿತ್ತು.

ಬ್ಲ್ಯಾಕ್ ವಾದಕ್ಕೆ ಇಳಿಯಲಿಲ್ಲ, ಅಳೆಯಲು ಕುಳಿತರು. ಅಮಾಲ್ಗಮ್ ಗಟ್ಟಿಯಾಗುವಾಗ ಕೂದಲೆಳೆಗಿಂತ ಕಡಿಮೆ ಹಿಗ್ಗಿದರೂ ಗುರುತಿಸುವ ಸೂಕ್ಷ್ಮಮಾಪಕ ಬಳಸಿದರು. ಹಲ್ಲು ಕಚ್ಚುವ ಬಲ ಅಳೆಯಲೂ ಒಂದು ಉಪಕರಣ ಮಾಡಿದರು. ಹುರಿದ ಕಡಲೆ ಅಗಿಯುವಾಗ ಯೋಚಿಸಿ: ದೊಡ್ಡವರ ದವಡೆ ಹಲ್ಲು 50 ಕಿಲೋಗ್ರಾಂ ತೂಕಕ್ಕೂ ಹೆಚ್ಚಿನ ಬಲ ಹಾಕಬಲ್ಲದು. ಸ್ಲೇಟಿನ ಮೇಲೆ ಬರೆದರೆ ಸವೆಯುವುದು ಯಾವುದು? ಬಳಪ, ಏಕೆಂದರೆ ಅದು ಮೆದು. ತುಂಬಿದ ಲೋಹ ಮೆದುವಾದರೆ ಅದೂ ಹಾಗೆಯೇ ಸವೆಯುತ್ತದೆ. ತೀರಾ ಕಠಿಣವಾದರೆ ಎದುರಿನ ಹಲ್ಲನ್ನೇ ಸವೆಸುತ್ತದೆ.

ಹೊಸದಾಗಿ ಅರೆದ ಲೋಹದ ಪುಡಿ ದಿನ ಕಳೆದಂತೆ ಗುಣ ಬದಲಿಸುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಕಾಯಿಸಿದರೆ ಆ ಬದಲಾವಣೆ ಬೇಗ ಮುಗಿದು ಪುಡಿ ಸ್ಥಿರವಾಗುತ್ತದೆ. ಮೂರನೇ ಎರಡು ಭಾಗ ಬೆಳ್ಳಿ, ಸುಮಾರು ಕಾಲು ಭಾಗ ತವರ ಇರುವ ಮಿಶ್ರಣವೇ ಉತ್ತಮವೆಂದು 1895ರ ಸುಮಾರಿಗೆ ತೋರಿಸಿದರು. ಇದೇ ಮಾದರಿ ಹಲವು ದಶಕ ನಡೆಯಿತು.

1985ರಲ್ಲಿ ಮೆಕ್ಲೀನ್ ಮತ್ತು ಗ್ಯಾಸರ್ ಎಂಬುವರು ಗಾಜಿನ ಪುಡಿಗೆ ಬೆಳ್ಳಿ ಬೆಸೆದ ದಂತ ಸಿಮೆಂಟ್ ತಂದರು. ಸವೆತ ಸ್ವಲ್ಪ ತಗ್ಗಿತು, ಅಮಾಲ್ಗಮ್‌ನಷ್ಟು ಬಲ ಮಾತ್ರ ಬರಲಿಲ್ಲ. ಪಾದರಸ ವಿಷವಾದ್ದರಿಂದ ಯುರೋಪ್ ಒಕ್ಕೂಟ 2025ರಿಂದ ಅಮಾಲ್ಗಮ್ ನಿಲ್ಲಿಸಿದೆ. (ಒಡೆದ ಥರ್ಮಾಮೀಟರಿನ ಪಾದರಸವನ್ನು ನೀವೂ ಮುಟ್ಟಬೇಡಿ!)

ಬ್ಲ್ಯಾಕ್ 1897ರಿಂದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತ ವಿದ್ಯಾಲಯದ ಮುಖ್ಯಸ್ಥರಾಗಿದ್ದರು. ಕೊನೆಯ ವರ್ಷಗಳಲ್ಲಿ, ಕೊಲರಾಡೊ ಮಕ್ಕಳ ಹಲ್ಲಿನಲ್ಲಿ ಕಂಡ ಕಂದು ಕಲೆಗಳನ್ನು ಮೆಕೇ ಎಂಬ ವೈದ್ಯರ ಜೊತೆ ಪರೀಕ್ಷಿಸಿದರು. ಕಲೆಯಿದ್ದ ಹಲ್ಲಿಗೆ ಹುಳುಕು ಕಡಿಮೆ ಎಂಬುದು ವಿಚಿತ್ರವಾಗಿ ಕಂಡಿತು. ಕಾರಣ ತಿಳಿಯುವ ಮುನ್ನವೇ, 1915ರಲ್ಲಿ, ಅವರು ತೀರಿಕೊಂಡರು. 1931ರಲ್ಲಿ ಅದು ಗೊತ್ತಾಯಿತು: ಕುಡಿಯುವ ನೀರಿನಲ್ಲಿದ್ದ ಹೆಚ್ಚಿನ ಫ್ಲೋರೈಡ್. ನಮ್ಮ ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಕಾಣುವ ಕಲೆಯೂ ಅದೇ.