ಸರ್ ಜಮ್ಸೇಟ್ಜಿ ಜೀಜೀಭಾಯ್: ಗಳಿಕೆಯ ಹಾದಿ, ದಾನದ ಹಾದಿ

ನಮ್ಮ ಕರಾವಳಿಯಲ್ಲಿ ಮುಂಬಯಿಯ ನಂಟಿಲ್ಲದ ಮನೆಗಳು ವಿರಳ. ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋಗಿ ಬಾಂದ್ರಾದ ಕಡೆ ನೆಲೆಸಿದ ನಮ್ಮ ಬಾಂಧವರು ಬುಧವಾರದ ನೊವೆನಾ ಪ್ರಾರ್ಥನೆಗೆಂದು ಮಾಹಿಮ್‌ನ ಸಂತ ಮೈಕಲರ ದೇವಾಲಯಕ್ಕೆ ಹೋಗುವಾಗ ಮಾಹಿಮ್ ಕಾಸ್‌ವೇ ಎಂಬ ಕಡಲ ಹಾದಿಯನ್ನು ದಾಟುತ್ತಾರೆ. ಕಾಯಿಲೆ ಬಿದ್ದ ಬಡವರು ಜೆ.ಜೆ. ಆಸ್ಪತ್ರೆಯ ಬಾಗಿಲು ತಟ್ಟುತ್ತಾರೆ. ಉಡುಪಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಕಲಿತದ್ದೂ ಮುಂದೆ ಕಲಿಸಿದ್ದೂ ಜೆ.ಜೆ. ಕಲಾಶಾಲೆಯಲ್ಲಿ. ಈ ಮೂರರ ಹಿಂದೆಯೂ ಒಂದೇ ಕುಟುಂಬದ ಹೆಸರಿದೆ. ಆ ಕುಟುಂಬದ ಹಿರಿಯನಾದ ವರ್ತಕ ಸರ್ ಜಮ್ಸೇಟ್ಜಿ ಜೀಜೀಭಾಯ್ ಅವರ ಜೀವನವನ್ನು ಈ ವಾರ ಸ್ಮರಿಸಬೇಕೆಂದಿದ್ದೇವೆ. ಇದು ಕೇವಲ ಹೊಗಳಿ ಮುಗಿಸಬಹುದಾದ ಜೀವನವಲ್ಲವೆಂಬುದನ್ನು ಮೊದಲೇ ಅರಿಕೆ ಮಾಡುತ್ತೇವೆ.

ಜಮ್ಸೇಟ್ಜಿಯವರು 1783ರ ಜುಲೈ 15ರಂದು ಬಡ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜೀಜೀಭಾಯ್ ನೇಯ್ಗೆಯ ವೃತ್ತಿಯವರು, ತಾಯಿ ಜೀವೀಬಾಯಿ. 1799ರಲ್ಲಿ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡ ಹುಡುಗನಿಗೆ ಆಗ 16 ವರ್ಷ. ಮುಂಬಯಿಯಲ್ಲಿ ಖಾಲಿ ಬಾಟಲಿಗಳ ವ್ಯಾಪಾರ ಮಾಡುತ್ತಿದ್ದ ಸೋದರಮಾವ ಫ್ರಾಮ್ಜಿ ನಸರ್ವಾನ್ಜಿಯವರ ಆಸರೆಯಲ್ಲಿ ಅವರು ಬೆಳೆದರು. ಬಾಟ್ಲಿವಾಲಾ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಶಾಲೆಯ ವಿದ್ಯೆ ಅಲ್ಪ. ವ್ಯವಹಾರಕ್ಕೆ ಬೇಕಾದ ಲೆಕ್ಕವನ್ನೂ ಹರಕುಮುರುಕು ಇಂಗ್ಲಿಷನ್ನೂ ಅಂಗಡಿಯಲ್ಲಿಯೇ ಕಲಿತರು. 1803ರಲ್ಲಿ ಫ್ರಾಮ್ಜಿಯವರ ಮಗಳು ಆವಾಬಾಯಿಯವರೊಡನೆ ಅವರ ವಿವಾಹವಾಯಿತು.

ಎಳೆಯ ಪ್ರಾಯದಲ್ಲಿಯೇ ಜಮ್ಸೇಟ್ಜಿಯವರು ಹಡಗನ್ನೇರಿ ಚೀನಾದೇಶಕ್ಕೆ ವ್ಯಾಪಾರಕ್ಕೆ ಹೊರಟರು. ಒಟ್ಟು ಐದು ಬಾರಿ ಅವರು ಆ ಯಾತ್ರೆ ಮಾಡಿದರು. ಅವುಗಳಲ್ಲೊಂದು ದುರಂತದಲ್ಲಿ ಕೊನೆಗೊಂಡಿತು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಕಾಲವದು. 1805ರಲ್ಲಿ ಅವರಿದ್ದ ಬ್ರನ್ಸ್‌ವಿಕ್ ಎಂಬ ಹಡಗನ್ನು ಫ್ರೆಂಚರು ಸೆರೆಹಿಡಿದು ಆಫ್ರಿಕದ ದಕ್ಷಿಣದ ತುದಿಗೆ ಒಯ್ದರು. ಸರಕೆಲ್ಲ ಪರರ ಪಾಲಾಗಿ, ಬರಿಗೈಯಲ್ಲಿ ಅವರು ಊರಿಗೆ ಮರಳಬೇಕಾಯಿತು. ಆದರೆ ಅದೇ ಹಡಗಿನಲ್ಲಿ ವೈದ್ಯನಾಗಿದ್ದ ವಿಲಿಯಂ ಜಾರ್ಡಿನ್ ಎಂಬ ಸ್ಕಾಟ್ಲೆಂಡಿನ ತರುಣನ ಪರಿಚಯ ಅವರಿಗೆ ಲಭಿಸಿತು. ಈತನೇ ಮುಂದೆ ವೈದ್ಯವೃತ್ತಿಯನ್ನು ತೊರೆದು ವರ್ತಕನಾಗಿ, 1832ರಲ್ಲಿ ಜಾರ್ಡಿನ್ ಮ್ಯಾಥೆಸನ್ ಎಂಬ ಹೆಸರಾಂತ ಕಂಪನಿಯನ್ನು ಸ್ಥಾಪಿಸಿದವನು.

ಮೊದಮೊದಲು ಜಮ್ಸೇಟ್ಜಿಯವರ ಕೈಹಿಡಿದದ್ದು ಹತ್ತಿಯ ವ್ಯಾಪಾರ. ಯುದ್ಧಕಾಲದಲ್ಲಿ ಹತ್ತಿಯ ಬೆಲೆ ಏರಿದಾಗ ಲಾಭ ಹರಿದುಬಂತು. 1814ರಲ್ಲಿ ಅವರು ಸ್ವಂತ ಹಡಗನ್ನೇ ಕೊಂಡರು. ಜೈನರಾದ ಮೋತಿಚಂದ್ ಅಮೀಚಂದ್, ಕೊಂಕಣಿ ಮುಸಲ್ಮಾನರಾದ ಮಹಮ್ಮದ್ ಅಲಿ ರೋಗೆ, ಗೋವೆಯ ಕಥೋಲಿಕರಾದ ರೊಜೇರಿಯೊ ಡಿ ಫಾರಿಯಾ ಅವರ ವ್ಯಾಪಾರದ ಒಡನಾಡಿಗಳು. ಜಾತಿಮತಗಳು ಬೇರೆಯಾದರೂ ಇವರನ್ನು ಒಂದುಗೂಡಿಸಿದ ಸರಕೊಂದಿತ್ತು. ಅದು ಅಫೀಮು.

ಇದನ್ನು ಮರೆಮಾಚಿ ಅವರ ಚರಿತ್ರೆಯನ್ನು ಬರೆದರೆ ಅದು ಚರಿತ್ರೆಯಾಗದು. ಮಾಳವ ಪ್ರಾಂತದಲ್ಲಿ ಬೆಳೆದ ಅಫೀಮು ಮುಂಬಯಿ ಬಂದರಿನಿಂದ ಹಡಗೇರಿ ಚೀನಾದ ಕರಾವಳಿಯನ್ನು ಸೇರುತ್ತಿತ್ತು. ಅಲ್ಲಿ ಅದನ್ನು ಮಾರಿಕೊಡುತ್ತಿದ್ದವರು ಜಾರ್ಡಿನ್‌ನ ಕಂಪನಿಯವರು. ಚೀನಾದ ಚಕ್ರವರ್ತಿಗಳು 1729ರಲ್ಲಿಯೇ ಅಫೀಮಿನ ಮಾರಾಟವನ್ನು ನಿಷೇಧಿಸಿದ್ದರು. ಆದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯೇ ಬಿಹಾರದಲ್ಲಿ ಅಫೀಮನ್ನು ಬೆಳೆಸಿ ಹರಾಜು ಹಾಕುತ್ತಿತ್ತು. ಮಾಳವದ ಅಫೀಮಿನ ಮೇಲೆ ಸುಂಕವನ್ನೂ ಎತ್ತುತ್ತಿತ್ತು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಎಂಬಾತ 20,000ಕ್ಕೂ ಮಿಕ್ಕಿದ ಅಫೀಮಿನ ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ನಾಶಮಾಡಿದ. ಇದನ್ನೇ ನೆಪವಾಗಿಸಿಕೊಂಡು ಇಂಗ್ಲೆಂಡು ಯುದ್ಧಕ್ಕಿಳಿಯಿತು. ಯುದ್ಧ ಮುಗಿದ 1842ನೆಯ ಇಸವಿಯಲ್ಲಿಯೇ ಜಮ್ಸೇಟ್ಜಿಯವರಿಗೆ ನೈಟ್ ಪದವಿ ಬಂತು. ಆ ಗೌರವ ಪಡೆದ ಮೊದಲ ಭಾರತೀಯರು ಅವರು.

ಇನ್ನು ಅವರ ದಾನದ ವಿಚಾರ. 1822ರಲ್ಲಿ, ಸಾಲ ತೀರಿಸಲಾರದೆ ಮುಂಬಯಿಯ ಸೆರೆಮನೆಯಲ್ಲಿದ್ದ ಬಡವರ ಸಾಲವನ್ನು ತಾವೇ ತೆತ್ತು ಅವರನ್ನು ಬಿಡಿಸಿದರು. 1834ರಲ್ಲಿ ಅಮೀಚಂದರೊಡನೆ ಸೇರಿ ಮುದಿ, ರೋಗಿಷ್ಠ ಪ್ರಾಣಿಗಳಿಗೆ ಪಿಂಜ್ರಾಪೋಳವನ್ನು ಸ್ಥಾಪಿಸಿದರು. ಆಸ್ಪತ್ರೆಗೆಂದು 1,00,000 ರೂಪಾಯಿಗೂ ಮಿಕ್ಕಿದ ಹಣ ಕೊಟ್ಟರು. 1845ರಲ್ಲಿ ಅದರ ಬಾಗಿಲು ತೆರೆಯಿತು, ಮಗ್ಗುಲಲ್ಲಿಯೇ ಗ್ರಾಂಟ್ ವೈದ್ಯಕೀಯ ಕಾಲೇಜು ಆರಂಭವಾಯಿತು. ತಮ್ಮ ಸಮಾಜದ ಬಡಮಕ್ಕಳ ವಿದ್ಯೆಗಾಗಿ 1849ರಲ್ಲಿ ಪಾರ್ಸಿ ಬೆನವೊಲೆಂಟ್ ಸಂಸ್ಥೆಯನ್ನು ತೆರೆದರು. ಪುಣೆಯ ಜನರಿಗೆ ನೀರೊದಗಿಸಲು ನದಿಗೆ ಒಡ್ಡು ಕಟ್ಟಿಸಲು ನೆರವಾದರು. 1853ರಲ್ಲಿ ಅವರು ನೀಡಿದ 1,00,000 ರೂಪಾಯಿಯಿಂದ 1857ರಲ್ಲಿ ಕಲಾಶಾಲೆ ಮೊದಲಾಯಿತು. ಜೀವಮಾನದಲ್ಲಿ ಅವರು ದಾನ ಮಾಡಿದ ಹಣ 20,00,000 ರೂಪಾಯಿಗಳನ್ನು ಮೀರುತ್ತದೆ. ಅಂದಿನ ರೂಪಾಯಿಯ ಬೆಲೆಯೇನೆಂದು ಬಲ್ಲವರು ಆ ಮೊತ್ತದ ಗಾತ್ರವನ್ನು ಊಹಿಸಿಕೊಳ್ಳಬಲ್ಲರು.

ಪತ್ನಿ ಆವಾಬಾಯಿಯವರು ಈ ದಾನಗಳಲ್ಲಿ ಗಂಡನ ನೆರಳಾಗಿ ಮಾತ್ರ ಉಳಿದವರಲ್ಲ. ಅಂದು ಮಾಹಿಮ್‌ಗೂ ಬಾಂದ್ರಾಕ್ಕೂ ನಡುವೆ ಕೆಸರು ತುಂಬಿದ ಅಳಿವೆಯಿತ್ತು. ಮಳೆಗಾಲದಲ್ಲಿ ದೋಣಿ ಮಗುಚಿ ಪ್ರಾಣಹಾನಿಯಾಗುತ್ತಿತ್ತು. ಹಾದಿ ಕಟ್ಟಲು ಕಂಪನಿ ಸರಕಾರ ಹಣ ಕೊಡದಿದ್ದಾಗ ಆವಾಬಾಯಿಯವರು ಮುಂದೆ ಬಂದು ಒಟ್ಟು 1,57,000 ರೂಪಾಯಿ ನೀಡಿದರು. 1843ರಲ್ಲಿ ಆರಂಭವಾದ ಕೆಲಸ 1845ರಲ್ಲಿ ಪೂರ್ತಿಯಾಯಿತು. ಅವರು ವಿಧಿಸಿದ ಷರತ್ತು ಒಂದೇ: ದಾಟುವವರಿಂದ ಸುಂಕ ವಸೂಲು ಮಾಡಕೂಡದು. ಬಾಂದ್ರಾದ ಗುಡ್ಡದ ಮೇಲಿನ ಮಾತೆ ಮರಿಯಮ್ಮನವರ ಸೆಪ್ಟೆಂಬರದ ಹಬ್ಬಕ್ಕೆ ನಡೆದುಹೋಗುವ ಭಕ್ತಾದಿಗಳು ಈ ಪಾರ್ಸಿ ಮಹಿಳೆಗೆ ಋಣಿಗಳು.

1857ರಲ್ಲಿ ಜಮ್ಸೇಟ್ಜಿಯವರಿಗೆ ವಂಶಪಾರಂಪರ್ಯವಾಗಿ ಸಾಗುವ ಬ್ಯಾರೊನೆಟ್ ಪದವಿ ದೊರೆಯಿತು. ಅದೂ ಭಾರತೀಯರಲ್ಲಿ ಮೊದಲನೆಯದೇ. 1859ರ ಏಪ್ರಿಲ್ 14ರಂದು, ತಮ್ಮ 75ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಿರಿಯ ಮಗ ಕರ್ಸೇಟ್ಜಿ ಪದವಿಯೊಡನೆ ತಂದೆಯ ಹೆಸರನ್ನೂ ಧರಿಸಿದರು. ಆ ಪದವಿಗೆ ಬಂದ ಪ್ರತಿಯೊಬ್ಬ ವಾರಸುದಾರನೂ ಮೂಲಪುರುಷನ ಹೆಸರನ್ನೇ ತಳೆಯಬೇಕೆಂಬುದು ಆ ಮನೆತನದ ಕಟ್ಟಳೆಯಾಯಿತು. ಹೆಸರಿನೊಡನೆ ಕೀರ್ತಿ ಬಂತು, ಪ್ರಶ್ನೆಯೂ ಬಂತು.

ಆ ಪ್ರಶ್ನೆ ಹೊಸದಲ್ಲ. ಅನ್ಯಾಯದ ಗಳಿಕೆಯಿಂದ ದಾನ ಮಾಡಬಹುದೆ ಎಂಬುದನ್ನು 13ನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ವಿಚಾರ ಮಾಡಿದ್ದಾರೆ. ಅವರು ಮೂರು ಬಗೆಗಳನ್ನು ವಿಂಗಡಿಸುತ್ತಾರೆ. ಕಳವು, ಸುಲಿಗೆಗಳಿಂದ ಬಂದದ್ದನ್ನು ಕಳೆದುಕೊಂಡವನಿಗೇ ಹಿಂದಿರುಗಿಸಬೇಕು; ಅದು ದಾನಕ್ಕೆ ಯೋಗ್ಯವಲ್ಲ. ಪವಿತ್ರ ಪದವಿಗಳ ಕ್ರಯವಿಕ್ರಯದಂತೆ, ಕೊಟ್ಟವನೂ ಪಡೆದವನೂ ತಪ್ಪಿತಸ್ಥರಾದಲ್ಲಿ ಆ ಹಣ ಇಬ್ಬರಿಗೂ ಸಲ್ಲದು; ಅದು ಬಡವರಿಗೇ ಹೋಗಬೇಕು. ಮಾಡಿದ ಕೆಲಸ ಹೀನವಾದರೂ ಸಂಪಾದನೆಯನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲದ ಮೂರನೆಯ ಸಂದರ್ಭದಲ್ಲಿ ಅದರಿಂದ ದಾನ ಮಾಡಬಹುದು.

ಅಫೀಮಿನ ಹಣ ಇವುಗಳಲ್ಲಿ ಯಾವುದು? ಕೊಂಡವನು ತಾನಾಗಿ ಬೆಲೆ ತೆತ್ತ. ಆದುದರಿಂದ ಇದು ಕಳವಲ್ಲ ಎನ್ನಬಹುದು. ಆದರೆ ಚಟಕ್ಕೆ ಸಿಕ್ಕಿದವನ ಇಚ್ಛೆಯನ್ನು ಸ್ವತಂತ್ರ ಇಚ್ಛೆಯೆಂದು ಕರೆಯಲು ನಮ್ಮ ಮನಸ್ಸು ಒಪ್ಪದು. ಋಣವಿದ್ದುದು ಚೀನಾದ ಬಡಕುಟುಂಬಗಳಿಗೆ. ಸಂದಾಯವಾದದ್ದು ಮುಂಬಯಿಯ ಬಡವರಿಗೆ. ಆಸ್ಪತ್ರೆಯಲ್ಲಿ ಗುಣಮುಖನಾದ ರೋಗಿಯ ಲಾಭ ಸುಳ್ಳಲ್ಲ. ಹಾಗೆಂದು ಕಡಲಾಚೆಯ ಋಣವೂ ತೀರಲಿಲ್ಲ. ಒಂದರ ಮೇಲೊಂದನ್ನು ಎಳೆದು ಮುಚ್ಚುವುದು ಸತ್ಯಕ್ಕೆ ಅಪಚಾರ. ಆ ಮನುಷ್ಯನಿಗೆ ತೀರ್ಪು ಕೊಡುವುದು ದೇವರ ಕೆಲಸ. ಎರಡೂ ಪುಟಗಳನ್ನು ತೆರೆದಿಟ್ಟು ಓದುವುದು ನಮ್ಮ ಕೆಲಸ. ಆ ವ್ಯಾಪಾರದಲ್ಲಿ ನಮ್ಮದೇ ಧರ್ಮಸಭೆಯ ಫಾರಿಯಾ ಪಾಲುಗೊಂಡಿದ್ದರೆಂಬುದನ್ನು ನೆನೆದರೆ ಪರರತ್ತ ಬೆರಳು ತೋರುವ ಆತುರವೂ ತಣಿಯುತ್ತದೆ.

ದೇವಾಲಯಕ್ಕೂ ಶಾಲೆಗೂ ಕೈಚಾಚಿ ದಾನ ಬೇಡುವವರು ನಾವು. ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವವರೂ ನಾವೇ. ಹಣ ಎಲ್ಲಿಂದ ಬಂತೆಂದು ವಿಚಾರಿಸಲು ನಮ್ಮ ನಾಲಗೆ ತಡವರಿಸುತ್ತದೆ. ಕೊಡುವವರಾದರೋ, ಕೊಟ್ಟ ಗಳಿಗೆಯಲ್ಲಿ ಗಳಿಕೆಯ ಲೆಕ್ಕ ಚುಕ್ತಾ ಆಯಿತೆಂದು ನೆಮ್ಮದಿಪಡುತ್ತೇವೆ. ದಾನ ಕೈಗೆ ಭೂಷಣ, ನಿಜ. ಆ ಕೈ ಗಳಿಸಿದ ಹೊತ್ತಿನಲ್ಲಿ ಯಾರ ಕೊರಳ ಮೇಲಿತ್ತೆಂದು ಕೇಳಿಕೊಂಡವನ ದಾನ ಇನ್ನೂ ದೊಡ್ಡದು. ಮುಂದಿನ ಬಾರಿ ಮಾಹಿಮ್‌ನ ಆ ಹಾದಿಯನ್ನು ದಾಟುವಾಗ ಆವಾಬಾಯಿಯವರಿಗೆ ಕೃತಜ್ಞತೆ ಸಲ್ಲಿಸೋಣ. ಹೆಸರೂ ಉಳಿಯದೆ ಅಳಿದುಹೋದ ಚೀನಾದ ಆ ಕುಟುಂಬಗಳಿಗಾಗಿ ಒಂದು ಪ್ರಾರ್ಥನೆಯನ್ನೂ ಹೇಳೋಣ.