ಮಕ್ಕಳನ್ನ ಬಿಟ್ಟು ಹೋಗದ ಡಾಕ್ಟರ್

ಯೋಹಾನ 10ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಒಳ್ಳೇ ಕುರುಬನೂ ಇದ್ದಾನೆ, ಕೂಲಿಯಾಳೂ ಇದ್ದಾನೆ. ತೋಳ ಬರೋ ತನಕ ಇಬ್ಬರಲ್ಲಿ ವ್ಯತ್ಯಾಸವೇ ಕಾಣಲ್ಲ. ಈ ಭಾಗ ಧ್ಯಾನಿಸುವಾಗೆಲ್ಲ ನನಗೆ ಯಾನುಷ್ ಕೊರ್ಚಾಕ್ ನೆನಪಾಗ್ತಾರೆ.

ಅವರು ಪೋಲೆಂಡಿನ ವಾರ್ಸಾ ನಗರದ ಯೆಹೂದ್ಯ ಡಾಕ್ಟರ್. ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಶ್ಮಿಟ್. ಮಕ್ಕಳ ಪುಸ್ತಕಗಳಿಂದ, ರೇಡಿಯೋ ಮಾತುಗಳಿಂದ ದೇಶಕ್ಕೆಲ್ಲ ಗೊತ್ತಿದ್ದವರು. ಮದುವೆ ಆಗಲಿಲ್ಲ. 1912ರಿಂದ ಯೆಹೂದ್ಯ ಅನಾಥಮಕ್ಕಳ ಮನೆಯೊಂದನ್ನ ನಡೆಸಿದರು. ಅಲ್ಲಿ ಮಕ್ಕಳದ್ದೇ ಒಂದು ಕೋರ್ಟ್ ಇತ್ತು. ಡಾಕ್ಟರ್ ಮೇಲೂ ದೂರು ಕೊಡಬಹುದಿತ್ತು!

ಆಮೇಲೆ ತೋಳ ಬಂತು. 1940ರ ನವೆಂಬರ್‌ನಲ್ಲಿ ನಾಜಿಗಳು ವಾರ್ಸಾ ಗೆಟ್ಟೋವನ್ನ ಗೋಡೆ ಹಾಕಿ ಮುಚ್ಚಿದರು. ಆ ಸ್ವಲ್ಪ ಜಾಗದಲ್ಲಿ 4 ಲಕ್ಷಕ್ಕೂ ಹೆಚ್ಚು ಯೆಹೂದ್ಯರು. ಹಸಿವು, ಟೈಫಸ್ ಜ್ವರ, ಬೀದಿಯಲ್ಲೇ ಸಾವು. ಅನಾಥಾಲಯ ಗೆಟ್ಟೋಗೆ ಹೋಗುವಾಗ ಮಕ್ಕಳ ಆಲೂಗಡ್ಡೆ ಗಾಡಿಯನ್ನ ಕಿತ್ಕೊಂಡ್ರು. ಅದನ್ನ ಕೇಳೋಕೆ ಹೋದ ಡಾಕ್ಟರನ್ನ ಜೈಲಿಗೆ ಹಾಕಿದ್ರು. ಹೊರಗೆ ಬಂದವರು ಮತ್ತೆ ಮಕ್ಕಳ ಹತ್ತಿರಾನೇ ಹೋದರು. 60 ದಾಟಿದ, ಕಾಯಿಲೆ ಬಿದ್ದ ಮನುಷ್ಯ, ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಮಕ್ಕಳಿಗೋಸ್ಕರ ಬೇಡಿದರು.

1942ರ ಜುಲೈ 18ರಂದು ಆ ಮಕ್ಕಳು ನಮ್ಮ ರವೀಂದ್ರನಾಥ ಟಾಗೋರರ ಪೋಸ್ಟ್ ಆಫೀಸ್ ನಾಟಕ ಆಡಿದರು. ಅದರಲ್ಲಿ ಅಮಲ್ ಅನ್ನೋ ಕಾಯಿಲೆಯ ಹುಡುಗ, ಕೋಣೆ ಬಿಟ್ಟು ಹೋಗೋ ಹಾಗಿಲ್ಲ. ರಾಜನ ಪತ್ರಕ್ಕೆ ಕಾಯ್ತಾನೆ. ಗೋಡೆಯೊಳಗಿನ ಮಕ್ಕಳಿಗೆ ಅದನ್ನ ವಿವರಿಸಿ ಹೇಳಬೇಕಾಗಿರಲಿಲ್ಲ. ನಾಲ್ಕೇ ದಿನಕ್ಕೆ ಟ್ರೆಬ್ಲಿಂಕಾ ಮರಣಶಿಬಿರಕ್ಕೆ ರೈಲುಗಳು ಹೊರಟವು.

ತಪ್ಪಿಸಿಕೊಳ್ಳೋಕೆ ಡಾಕ್ಟರಿಗೆ ದಾರಿ ಇತ್ತು. ಹೊರಗಿದ್ದ ಸ್ನೇಹಿತರು ಕರೆದರು. ಅವರು ಒಪ್ಪಲಿಲ್ಲ. ಆಗಸ್ಟ್ ಮೊದಲ ವಾರ ಸುಮಾರು 200 ಮಕ್ಕಳು ಸಾಲಾಗಿ ರೈಲಿನ ಕಡೆ ನಡೆದಾಗ, ಡಾಕ್ಟರೂ ಅವರ ಜೊತೆ ನಡೆದರು. ಎಷ್ಟೋ ವರ್ಷ ಜೊತೆಗೆ ದುಡಿದ ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಕೂಡ ಹೋದರು. ಯಾರೂ ತಿರುಗಿ ಬರಲಿಲ್ಲ.

ಪ್ರಿಯರೇ, ಬಿಡುಗಡೆಯ ಸಾಕ್ಷಿ ಕೇಳಿದಾಗ ನಾವು ಹಲ್ಲೆಲೂಯ ಅಂತೀವಿ. ಇಲ್ಲಿ ಬಾಗಿಲು ತೆರೆಯಲಿಲ್ಲ. ಯಾಕೆ ಅಂತ ಸುಲಭವಾಗಿ ಉತ್ತರ ಕೊಡೋ ಧೈರ್ಯ ನನಗಿಲ್ಲ. ಕೊರ್ಚಾಕ್ ಕ್ರೈಸ್ತರೂ ಅಲ್ಲ. ಅವರನ್ನ ನಮ್ಮವರು ಅಂತ ಹೇಳಿಕೊಳ್ಳೋ ಹಕ್ಕು ನಮಗಿಲ್ಲ. ಕ್ರೈಸ್ತರು ಅನ್ನಿಸಿಕೊಂಡ ಎಷ್ಟೋ ಜನ ಆವತ್ತು ಸುಮ್ಮನೆ ನೋಡುತ್ತಾ ನಿಂತಿದ್ದರು. ಅದು ನಮ್ಮನ್ನ ತಗ್ಗಿಸಬೇಕು.

ಯೌವನಸ್ಥರೇ, ದೇವರು ನಿಮ್ಮ ಕೈಗೆ ಯಾರನ್ನ ಕೊಟ್ಟಿದ್ದಾನೆ? ಪೀಜಿಯಲ್ಲಿ ರಾತ್ರಿಯೆಲ್ಲ ಅಳೋ ರೂಮ್‌ಮೇಟಾ? ಸಂಡೇಸ್ಕೂಲ್ ಮಕ್ಕಳಾ? ಊರಲ್ಲಿರೋ ಅಪ್ಪ ಅಮ್ಮನಾ? ಅವರ ಕಷ್ಟ ತೆಗೆಯೋ ಶಕ್ತಿ ನಿಮಗೆ ಇಲ್ಲದಿರಬಹುದು. ಜೊತೆಯಲ್ಲಿ ನಿಲ್ಲಬಹುದಲ್ವಾ? ನಮಗೋಸ್ಕರ ಪ್ರಾಣ ಕೊಟ್ಟ ಕುರುಬನನ್ನ ನಾವು ಹಿಂಬಾಲಿಸ್ತಾ ಇದ್ದೀವಿ. ಕಣ್ಣು ಮುಚ್ಚಿ, ಆ ಒಬ್ಬರ ಹೆಸರು ಹೇಳಿ ಪ್ರಾರ್ಥಿಸೋಣ. ಆಮೆನ್.